ಅಳೆಯಲು ಹಾಕಿದ ನಂಬರು, ಕಡಿಯಲು ಓದಿದ ಇಲಾಖೆ

ಪ್ರಾದೇಶಿಕ ಅರಣ್ಯ ಕಚೇರಿಯ ದೊಡ್ಡ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಪರವಾನಗಿ ಹಿಡಿದು ಬಂದ ಗುತ್ತಿಗೆದಾರನ ಆಳುಗಳು ಹೋದ ತಿಂಗಳು ನಮ್ಮ ಅಸುವೋಸೊ ಕಾಡಿಗೆ ನುಗ್ಗಿ, ಡಾ. ಡಿನಾ ಅಫ್ರಿಯೇ ಮೂವತ್ತು ವರ್ಷದಿಂದ ಅಳೆಯುತ್ತ ಬಂದ ಮರಗಳನ್ನು ಒಂದೂ ಬಿಡದೆ ಕಡಿದುಹಾಕಿದರು. ಬರೀ ಅವನ್ನೇ ಕಡಿದರು. ಈಗ ಹೋಗಿ ನೋಡಿದರೆ ದಟ್ಟ ಕಾಡಿನ ನಡುವೆ ಹಗ್ಗ ಹಿಡಿದು ಗೆರೆ ಎಳೆದಂತೆ ಒಂದು ಚೌಕ ಬಯಲಾಗಿದೆ, ಅದರಾಚೆ ಒಂದು ಮರಕ್ಕೂ ಗರಗಸ ತಾಗಿಲ್ಲ. ಇಷ್ಟಾದ ಮೇಲೆ ನೀವು ಅವಳಿಗೆ ಒಂದು ಕಾಗದ ಕಳಿಸಿದ್ದೀರಿ. ಮರಗಳ ಮೈಮೇಲೆ ನಂಬರ್ ಇದ್ದದ್ದೇ 'ಗೊಂದಲಕ್ಕೆ ಮೂಲ' ಎಂದು ಅದರಲ್ಲಿದೆ. ಓದಿ ಧನ್ಯಳಾದೆ. ಕಳ್ಳತನವಾದ ಮನೆಯವರನ್ನು ಬಾಗಿಲು ಇಟ್ಟುಕೊಂಡದ್ದೇಕೆ ಎಂದು ಕೇಳುವ ಅಧಿಕಾರಿಯೊಬ್ಬರು ನಮ್ಮ ಪ್ರಾಂತ್ಯಕ್ಕೆ ದೊರಕಿದ್ದಾರಲ್ಲ ಎಂದುಕೊಂಡೆ.

ನಂಬರ್ ವಿಷಯ ನಿಮಗೆ ಯಾರೂ ಹೇಳಿರಲಾರರು, ನಾನು ಹೇಳುತ್ತೇನೆ. ನಿಮ್ಮ ಇಲಾಖೆಯಲ್ಲಿ ಮರಕ್ಕೆ ನಂಬರ್ ಬಿತ್ತೆಂದರೆ ಅದರ ಆಯಸ್ಸು ಮುಗಿಯಿತು. ಸರ್ವೆಯವರು ಕಾಡು ಸುತ್ತಿ, ಕಡಿಯಬಹುದಾದ ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆಯುತ್ತಾರೆ, ಅವರ ಹಿಂದೆ ಗರಗಸ ಬರುತ್ತದೆ. ಡಿನಾಳ ಕೆಲಸದಲ್ಲಿ ನಂಬರ್ ಎಂದರೆ ಇದಕ್ಕೆ ತಿರುಗಾಮುರುಗಾ. ಒಂದು ತುಂಡು ಕಾಡನ್ನು ಆರಿಸಿಕೊಂಡು, ಅದರೊಳಗೆ ತೋಳುಗಾತ್ರ ದಾಟಿದ ಪ್ರತಿಯೊಂದು ಮರಕ್ಕೂ ನಂಬರಿನ ಪುಟ್ಟ ತಗಡು ಹೊಡೆದು, ವರ್ಷ ವರ್ಷ ಅದೇ ಮರವನ್ನು ಅದೇ ಎತ್ತರದಲ್ಲಿ ಅಳೆಯುವುದು. ಯಾವುದು ಬೆಳೆಯಿತು, ಯಾವುದು ಸೊರಗಿತು, ಮಳೆ ತಪ್ಪಿದ ವರ್ಷ ಯಾವುದು ಸತ್ತಿತು ಎಂದು ತಿಳಿಯುವುದು. ಬದುಕಿರಲಿ ಎಂದು ಹಾಕುವ ನಂಬರು ಅದು. ಕೆಂಪು ಬಣ್ಣಕ್ಕೂ ಮೊಳೆ ಹೊಡೆದ ತಗಡಿಗೂ ಇರುವ ವ್ಯತ್ಯಾಸ ನಮ್ಮೂರಿನ ಕುರಿ ಮೇಯಿಸುವವರಿಗೂ ಗೊತ್ತು.

ಆದರೆ ನಿಮ್ಮ ಸರ್ವೆಯವರು ಕುರಿ ಮೇಯಿಸುವವರಲ್ಲವಲ್ಲ, ಸಮವಸ್ತ್ರದವರು. ಕಾಡಿನೊಳಗೆ ಸ್ವಲ್ಪ ದೂರ ನಡೆದರಂತೆ, ಮರಗಳ ಮೇಲೆ ಆಗಲೇ ನಂಬರುಗಳನ್ನು ಕಂಡರಂತೆ, ತಮಗಿಂತ ಮೊದಲೇ ಬೇರೆ ತಂಡ ಬಂದು ಕೆಲಸ ಮುಗಿಸಿದೆ ಎಂದುಕೊಂಡು ಸಂತೋಷಪಟ್ಟರಂತೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಸ್ ನಿಲ್ದಾಣದ ಹೋಟೆಲಿನಲ್ಲಿ ಫುಫು ಮುದ್ದೆ, ಪಾಮ್ ಕಾಯಿಯ ಸಾರು ಹೊಡೆಯುತ್ತ ಕುಳಿತಿದ್ದರು. 'ಸರ್ವೆ ಪೂರ್ಣ' ಎಂದು ಅವರು ಬರೆದರು. 'ನಂಬರ್ ಹಾಕಿದ ಮರಗಳನ್ನು ಕಡಿಯಬಹುದು' ಎಂದು ನೀವು ಸಹಿ ಹಾಕಿದಿರಿ. ಸಾರು ಚೆನ್ನಾಗಿತ್ತೆಂದು ಹೋಟೆಲಿನಾಕೆ ಇಂದಿಗೂ ಹೇಳಿಕೊಳ್ಳುತ್ತಾಳೆ.

ಕಡಿಸಿದ ಮೇಸ್ತ್ರಿ ಯಾವ್ ಬಾದು ಎಂಬವನನ್ನು ನಾನೇ ಹಿಡಿದು ಕೇಳಿದೆ. "ಏನಪ್ಪಾ, ಊರುಗೋಲಿಗೂ ಆಗದ ಗಿಡಗಳನ್ನ ಕೂಡ ಕಡಿದಿದ್ದೀಯಲ್ಲ, ಅದನ್ನ ಯಾರು ಕೊಳ್ತಾರೆ?" ಅವನು ತಲೆ ಕೆರೆದುಕೊಂಡ. "ನಂಗೂ ಹಂಗೇ ಅನ್ನಿಸ್ತು ಟೀಚರ್. ಇದೇನು ಕಡ್ಡಿ ಕಡಿಯೋಕೆ ಕಳ್ಸವ್ರೆ ಅಂತ ಹುಡುಗ್ರೆಲ್ಲ ನಕ್ರು. ಆದ್ರೆ ನಂಬರ್ ಇತ್ತು. ಆಫೀಸಿನೋರ ಹತ್ರ ಯಾಕೆ ಅಂತ ಕೇಳಿದ್ರೆ ಮುಂದಿನ ಸಲ ಕೆಲ್ಸ ಕೊಡ್ತಾರಾ?" ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಕಚೇರಿಯಲ್ಲಿ ಯೋಚನೆ ಮಾಡುವವರಿಗೆ ಕೆಲಸ ಸಿಗುವುದಿಲ್ಲ ಎಂಬುದು ಅವನಿಗೆ ಅನುಭವದಿಂದ ಗೊತ್ತಿದೆ.

ನಾನು ಯಾರೆಂದು ಕೇಳುವಿರಾದರೆ, ಡಿನಾಳೂ ನಾನೂ ಕುಮಾಸಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ನಾನು ಟೀಚರಾಗಿ ಈ ಊರಿಗೆ ಬಂದೆ, ಅವಳು ಹೊರದೇಶದಲ್ಲಿ ಓದಿ ಡಾಕ್ಟರೇಟ್ ಹಿಡಿದುಕೊಂಡು ಇದೇ ಊರಿಗೆ ಬಂದಳು. ಮೊದಲ ವರ್ಷ ಸಂತೆಯ ಹೆಂಗಸರು ಅವಳನ್ನು ಬಿಡುತ್ತಿರಲಿಲ್ಲ. "ಏನವ್ವಾ ಡಾಕ್ಟರಮ್ಮ, ಇವತ್ತು ನಿನ್ನ ಮರಗಳಿಗೆ ಜ್ವರ ನೋಡಿದ್ಯಾ? ಇಷ್ಟು ಓದಿ ಮರದ ಸೊಂಟ ಅಳೆಯೋಕೆ ಬಂದ್ಯಾ? ಗಂಡನ ಸೊಂಟ ಅಳೆದಿದ್ರೆ ಮಕ್ಕಳಾದ್ರೂ ಆಗ್ತಿದ್ವು." ಡಿನಾ ಅವರ ಜೊತೆಗೇ ನಗುತ್ತಿದ್ದಳು, ಟೊಮೇಟೊ ಚೌಕಾಸಿ ಮಾಡಿ ಕೊಳ್ಳುತ್ತಿದ್ದಳು.

ಚಿನ್ನ ಅಗೆಯುವ ಕಂಪನಿಯೊಂದು ಹೊಳೆಯ ದಂಡೆಯನ್ನು ಕೇಳಿಕೊಂಡು ಬಂದಾಗ ನಮ್ಮ ನಾನಾ, ಅಂದರೆ ಊರ ದೊರೆ, ಅರ್ಧ ಒಪ್ಪಿಬಿಟ್ಟಿದ್ದರು. ಡಿನಾ ಪದ್ಧತಿಯಂತೆ ಜಿನ್ ಬಾಟಲಿ ಹಿಡಿದು ಅರಮನೆಗೆ ಹೋದಳು, ನಾನು ಜೊತೆಗಿದ್ದೆ. ನಾನಾ ನೇರವಾಗಿ ಕೇಳಿದರು: "ಮಗಳೇ, ಕಂಪನಿ ರಸ್ತೆ ಮಾಡಿಸ್ತೀನಿ ಅಂತದೆ. ನಿನ್ನ ಕಾಡು ಏನು ಮಾಡಿಸುತ್ತೆ?" ಅವಳು ಭಾಷಣ ಮಾಡಲಿಲ್ಲ. "ನಾನಾ, ಮೂರು ಮಳೆಗಾಲ ಅವರು ಈಗಾಗ್ಲೇ ಬೇರೆ ಕಡೆ ತೋಡಿರೋ ಗುಂಡಿಯ ಕೆಳಗಿನ ಊರಿನ ನೀರು ತರಿಸಿ ಕುಡೀರಿ. ಆಮೇಲೂ ರಸ್ತೆ ಬೇಕು ಅನ್ನಿಸಿದ್ರೆ ನಾನೇ ಮೊದಲ ಕಲ್ಲು ಹಾಕ್ತೀನಿ." ನಾನಾ ಒಂದೇ ಒಂದು ಕೊಡ ತರಿಸಿದರು. ಅದರ ಬಣ್ಣ ನೋಡಿ ಕಂಪನಿಯವರ ಬಾಟಲಿಯನ್ನು ವಾಪಸು ಕಳಿಸಿದರು. ಆಗ ನಿಮ್ಮ ಕಚೇರಿ ಎಲ್ಲಿತ್ತು? ಕಂಪನಿಯ ಜೀಪಿನಲ್ಲಿ ಹಿಂದಿನ ಸೀಟಿನಲ್ಲಿತ್ತು, ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಅವಳು ಬೇಟೆಗಾರರನ್ನೇ ಕಾಡುಗಾವಲಿಗೆ ಸೇರಿಸಿಕೊಂಡಳು, ಕೋಕೋ ಬೆಳೆಯುವವರ ಜೊತೆ ಜಗಳವಾಡಿ ತೋಟದ ನಡುವೆ ಕಾಡುಮರ ಉಳಿಸಿದಳು, ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳಿಗೆ ಕೆಸರಿನಲ್ಲಿ ಪಾಠ ಹೇಳಿದಳು. ಹೊರಗಿನ ವಿಶ್ವವಿದ್ಯಾಲಯಗಳು ಕರೆದಾಗ, ಮರಗಳನ್ನು ಸೂಟ್‌ಕೇಸಿನಲ್ಲಿ ತರಲಾಗದು ಎಂದು ಬರೆದಳು. ಹೋದ ವರ್ಷ ರಾಜಧಾನಿ ಅಕ್ರಾದಲ್ಲಿ ನೀವೇ ಅವಳ ಹೆಗಲಿಗೆ ಕೆಂಟೆ ಬಟ್ಟೆ ಹೊದಿಸಿ 'ನಮ್ಮ ಅರಣ್ಯಗಳ ತಾಯಿ' ಎಂದಿರಿ. ಫೋಟೊ ಚೆನ್ನಾಗಿ ಬಂದಿತ್ತು. ತಾಯಿಯ ಮಕ್ಕಳು ಎಲ್ಲಿದ್ದಾರೆಂದು ಒಮ್ಮೆ ಬಂದು ನೋಡುವ ಆಸೆ ನಿಮಗಾಗಲಿಲ್ಲವೇ? ನೋಡಿದ್ದರೆ ಸಹಿ ಹಾಕುವಾಗ ಕೈ ಸ್ವಲ್ಪವಾದರೂ ತಡವರಿಸುತ್ತಿತ್ತು.

ಕಡಿದ ದಿನಗಳಲ್ಲಿ ಅವಳು ಮಂಡಿನೋವಿಗೆ ಕುಮಾಸಿಯ ಆಸ್ಪತ್ರೆಯಲ್ಲಿದ್ದಳು. ಬಂದ ಮೇಲೆ ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಒಂದೊಂದು ಬೊಡ್ಡೆಯ ಹತ್ತಿರ ನಿಂತಳು, ಕೊನೆಗೆ ಒಂದು ಓಡಮ್ ಮರದ ಬೊಡ್ಡೆಯ ಮೇಲೆ ಕೈಯಿಟ್ಟಳು. "ಇದು ಹೋದ ಸಲ ಒಂಚೂರೂ ಬೆಳೆದಿರ್ಲಿಲ್ಲ ಫೆಲಿಷಿಯಾ. ಈ ಸಲ ಬೆಳೆದಿರುತ್ತೆ ಅಂತ ಆಸೆ ಇಟ್ಕೊಂಡಿದ್ದೆ." ಅತ್ತದ್ದು ನಾನು, ಮತ್ತು ನಿಮ್ಮನ್ನು ಬೈದದ್ದೂ ನಾನೇ. ಆ ಮಾತುಗಳನ್ನು ಈ ಬಹಿರಂಗ ಪತ್ರ ಪ್ರಕಟಿಸುತ್ತಿರುವ ಪತ್ರಿಕೆಯವರು ಅಚ್ಚು ಹಾಕಲಾರರು.

ಈಗ ನಿಮ್ಮ ಕಾಗದದ ಉಳಿದ ಭಾಗಕ್ಕೆ ಬರುತ್ತೇನೆ. ಹೊಳೆಯಾಚೆ ಅವಳ ಎರಡನೆಯ ತುಂಡು ಕಾಡು ಇನ್ನೂ ನಿಂತಿದೆ, ಅಲ್ಲಿಯ ಮರಗಳಿಗೂ ತಗಡುಗಳಿವೆ. ತಿಂಗಳ ಕೊನೆಯೊಳಗೆ ಆ ನಂಬರುಗಳನ್ನು ತೆಗೆಯದಿದ್ದರೆ ಮುಂದಾಗುವುದಕ್ಕೆ ಇಲಾಖೆ ಹೊಣೆಯಲ್ಲ ಎಂದು ಬರೆದಿದ್ದೀರಿ. ಎಂಥ ನ್ಯಾಯ ಸ್ವಾಮಿ ಇದು? ನಂಬರ್ ಉಳಿಸಿದರೆ ಮರ ಹೋಗುತ್ತದೆ, ಮರ ಉಳಿಸಿದರೆ ಒಂದು ಜೀವಮಾನದ ಅಳತೆ ಹೋಗುತ್ತದೆ. ನಿಮ್ಮ ಆಳುಗಳಿಗೆ ತಗಡಿಗೂ ಬಣ್ಣಕ್ಕೂ ಇರುವ ಭೇದ ಕಲಿಸುವ ಮೂರನೆಯ ದಾರಿ ನಿಮಗೆ ತೋಚಲೇ ಇಲ್ಲವೇ?

"ನಂಬರ್ ಇಲ್ದೆ ನಿಂಗೆ ನಿನ್ನ ಮರ ಗುರುತು ಸಿಗಲ್ವಾ?" ಎಂದು ನಾನು ಪೆದ್ದಿಯಂತೆ ಕೇಳಿದೆ.

"ದೊಡ್ಡವು ಕೆಲವು ಸಿಗುತ್ತವೆ. ಒತ್ತೊತ್ತಾಗಿ ನಿಂತ ಒಂದೇ ಜಾತಿಯ ಗಿಡಗಳಲ್ಲಿ ಯಾವುದನ್ನ ಯಾವುದು ಅಂತ ಹೇಳ್ಲಿ? ನಕ್ಷೆ ಇದೆ, ಅದೂ ಅಲ್ಲಿ ಕೈಕೊಡುತ್ತೆ. ನೀನು ಪಾಠ ಹೇಳಿದ ಮಕ್ಕಳೆಲ್ಲ ಒಟ್ಟಿಗೆ ಬಂದು ನಿಂತ್ರೆ ಹೆಸರು ಹೇಳ್ತೀಯಾ?"

"ಹಾಗಾದ್ರೆ ತೆಗೀಬೇಡ. ಕೋರ್ಟಿಗೆ ಹೋಗೋಣ."

"ಕೋರ್ಟು ಬಾಗಿಲು ತೆಗೆಯೋದ್ರೊಳಗೆ ಗರಗಸ ಬಂದಿರುತ್ತೆ. ಮರ ಉಳೀಲಿ ಕಣೇ. ಲೆಕ್ಕ ಹೋದ್ರೆ ಹೋಗ್ಲಿ."

ಹಾಗೆಂದವಳು ಸೋಮವಾರದಿಂದ ಸುತ್ತಿಗೆ ಹಿಡಿದು ಹೊಳೆ ದಾಟುತ್ತಿದ್ದಾಳೆ. ಮಂಡಿ ಬಗ್ಗುವುದಿಲ್ಲ, ಆದರೂ ಬೇರೆಯವರ ಕೈಗೆ ಸುತ್ತಿಗೆ ಕೊಡುವುದಿಲ್ಲ. ತಾನು ಹೊಡೆದ ಮೊಳೆಯನ್ನು ತಾನೇ ಕೀಳುತ್ತಾಳೆ. ಕಿತ್ತ ಮೇಲೆ ಮರದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಮುಂದಿನದಕ್ಕೆ ಹೋಗುತ್ತಾಳೆ.

ನಾನು ಕ್ಷಮೆ ಕೇಳಿ ಎನ್ನುವುದಿಲ್ಲ, ನಿಮ್ಮ ಕ್ಷಮೆಯಿಂದ ಓಡಮ್ ಚಿಗುರುವುದಿಲ್ಲ. ಇನ್ನೊಂದು ಕೆಂಟೆಯೂ ಬೇಡ. ನನ್ನ ಒತ್ತಾಯ ಒಂದೇ: ತಗಡು ಹೊಡೆದ ಮರವನ್ನು ಯಾರೂ ಮುಟ್ಟತಕ್ಕದ್ದಲ್ಲ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಸಹಿ ಹಾಕುವುದರಲ್ಲಿ ನಿಮ್ಮ ಕೈ ಎಷ್ಟು ಚುರುಕೆಂದು ನಮಗೆಲ್ಲ ಗೊತ್ತು. ಹಾಕುವುದಾದರೆ ಇಂದೇ ಹಾಕಿ, ಅವಳು ನಿಧಾನವಾಗಿ ಕೀಳುತ್ತಿದ್ದಾಳೆ, ಆದರೆ ನಿಲ್ಲಿಸಿಲ್ಲ.

ಇಂತಿ,
ಕಿತ್ತ ತಗಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಅವಳ ಹಿಂದೆ ನಡೆಯುತ್ತಿರುವ,
ನಿವೃತ್ತ ಉಪಾಧ್ಯಾಯಿನಿ
ಫೆಲಿಷಿಯಾ ಅಡಾಯ್
ಅಸುವೋಸೊ