ಗಬ್ಬದ ಕುರಿಗೆ ಬೇಡ

ಜೂನ್ 3, ಮಂಗಳವಾರ
ಬೆಳಿಗ್ಗೆ ಹನ್ನೊಂದು ಮರಿಗಳಿಗೆ ಜಂತಿನ ಔಷಧ ಕುಡಿಸಿದೆ. ಆಮೇಲೆ ಕೂಡ್ಲಿಗಿಯ ಸಂಸ್ಥೆಯಿಂದ ಗುರುಶಾಂತ ಬಂದ. ಕುರಿ ರೋಗದ ಪ್ರಶ್ನೆಗೆ ವಾಟ್ಸಾಪಿನಲ್ಲಿ ತಾನೇ ಉತ್ತರ ಕೊಡುವ ಬಾಟ್ ಮಾಡುತ್ತಿದ್ದಾರಂತೆ. ಒಂಬತ್ತು ವರ್ಷದಿಂದ ಊರ ಕುರಿಗಳಿಗೆ ಮದ್ದು ಕೊಡುವ ಪಶುಸಖಿ ನಾನು. ಉತ್ತರಗಳೆಲ್ಲ ನನ್ನವೇ ಬೇಕಂತೆ. ಬಾಟ್‌ಗೆ ಹೆಸರೂ ‘ಮಂಜಕ್ಕ’. ಫೋಟೊ ತೆಗೆದ. ಖುಷಿಯಾಯಿತು, ಸುಳ್ಳೇಕೆ.

ಜೂನ್ 9
ನೂರಾ ನಲವತ್ತು ಉತ್ತರ ಬರೆದುಕೊಟ್ಟೆ. ಗುರುಶಾಂತನ ಮುಖ ಸಣ್ಣಗಾಯಿತು. “ಉದ್ದ ಆತ್ರಿ ಮಂಜಕ್ಕ. ಮಂದಿ ಎರಡು ಸಾಲಿನ ಮ್ಯಾಲೆ ಓದಂಗಿಲ್ಲ.”
“ಕಡಿಮಿ ಮಾಡ್ರಿ. ಬಿಡೋಕಿಂತ ಮೊದ್ಲು ನನಗೊಮ್ಮೆ ತೋರಿಸ್ರಿ.”
“ಆತ್ರಿ” ಎಂದ.

ಜೂನ್ 20
ಬಾಟ್ ಉದ್ಘಾಟನೆ ಆಯಿತಂತೆ. ಪೇಪರಿನಲ್ಲಿ ನೋಡಿದೆ. ತೋರಿಸಲಿಲ್ಲ. ಕರೆಯಲೂ ಇಲ್ಲ.

ಜುಲೈ 10
ನಮ್ಮೂರ ಪಕ್ಕೀರಮ್ಮ ಅಳುತ್ತ ಬಂದಳು. ಜೊತೆಗೆ ಮಗಳು ಕೀರ್ತನಾ, ಕೈಯಲ್ಲಿ ಫೋನು.
“ನೀ ಹೇಳಿದಂಗ ಜಂತಿನ ಔಷಧ ಕುಡಿಸಿದ್ನಲ್ಲವ್ವಾ ಮಂಜವ್ವಾ. ದಿನ ತುಂಬೋಕಿಂತ ಮೊದ್ಲ ಮೂರೂ ಕುರಿ ಕಂದು ಹಾಕ್ಯಾವ.”
ಫೋನು ನೋಡಿದೆ. ನನ್ನ ಫೋಟೊ. ನನ್ನ ಹೆಸರು. ಔಷಧ ಸರಿ, ಅಳತೆ ಸರಿ. ಕೊನೆಗೆ ನಾನು ಬರೆದಿದ್ದ ‘ಗಬ್ಬದ ಕುರಿಗೆ ಬೇಡ, ಮೊದಲು ನನ್ನನ್ನು ಕೇಳಿ’ — ಇಲ್ಲ! ಎರಡು ಸಾಲಿಗಾಗಿ ಕತ್ತರಿಸಿ ಬಿಸಾಡಿದ್ದಾರೆ.
ನಾನಲ್ಲ ಎಂದು ಯಾವ ಬಾಯಿಂದ ಹೇಳಲಿ? ಮುಖ ನನ್ನದೇ ಇದೆಯಲ್ಲ.

ಜುಲೈ 11
ಕಾನಹೊಸಹಳ್ಳಿಯಿಂದ ಮೊದಲ ಬಸ್ಸಿಗೇ ಕೂಡ್ಲಿಗಿ ಆಫೀಸು.
“ಕೆಳಗ ಹಾಕೇವಲ್ರೀ, ಡಾಕ್ಟರ ಸಲಹೆ ಪಡೀರಿ ಅಂತ” ಎಂದ ಗುರುಶಾಂತ. ಇರುವೆಯಂಥ ಅಕ್ಷರ! ಮುಂದಿನ ಅಪ್‌ಡೇಟಿನಲ್ಲಿ ನೋಡೋಣ, ಎರಡು ವಾರ ಎಂದ.
“ಎರಡು ವಾರದಾಗ ಎಷ್ಟು ಮಂದಿ ಕುಡಿಸ್ತಾರ?”
“ಬೇಕಾದ್ರ ನಿಮ್ಮ ಹೆಸರು ತೆಗಿತೀವ್ರಿ.”
ಮೈಯೆಲ್ಲ ಉರಿಯಿತು. “ಹೆಸರು ತೆಗೆದ್ರ ಕುರಿ ಉಳಿತಾವೇನಪಾ? ಆ ಸಾಲು ಹಾಕು. ಹಾಕೋತನ ಏಳಂಗಿಲ್ಲ.”
ಕುರ್ಚಿ ಬಿಡಲಿಲ್ಲ. ಊಟಕ್ಕೂ ಏಳಲಿಲ್ಲ. ಸಂಜೆ ನಾಲ್ಕೂ ಮುಕ್ಕಾಲಿಗೆ ಸಾಲು ಸೇರಿಸಿದರು. ನಾನೇ ಕೇಳಿ ನೋಡಿದೆ, ಬಂತು. ಆದರೆ ಮೊದಲೇ ಉತ್ತರ ಪಡೆದವರು? “ಅವ್ರಿಗೆಲ್ಲ ಹೇಳಾಕ ಆಗಂಗಿಲ್ರೀ” ಎಂದ. ನಂಬರುಗಳ ಪಟ್ಟಿ ಕೊಡು ಎಂದೆ. ಕೊಟ್ಟ. ಎಂಬತ್ತಾರು ಜನ.

ಜುಲೈ 12, ಶನಿವಾರ
ಪಕ್ಕೀರಮ್ಮನ ಮನೆಗೆ ಹೋಗಿ ನಡೆದದ್ದು ಹೇಳಿದೆ. ಅವಳು ಕೀರ್ತನಾಳನ್ನು ನನ್ನ ಜೊತೆ ಕಳಿಸಿದಳು, ನಂಬರು ಓದಿ ಹೇಳಲು.
ಬೆಳಿಗ್ಗೆ ಹತ್ತರಿಂದ ಪಟ್ಟಿಯವರಿಗೆಲ್ಲ ಫೋನು. ಹಿರೇಹಡಗಲಿಯವರೊಬ್ಬರು, “ನೀವು ಖರೇ ಮಂಜಕ್ಕನೋ, ಮಷೀನೋ?” ಅಂದರು. ಬೈದೆ. ಆಗ ನಂಬಿದರು.
ಈಗ ಹೊಳಲಿನ ಶಿವಯೋಗಪ್ಪ. ಔಷಧ ತಂದಾರಂತೆ, ಕುರಿ ಹಿಡಿದು ನಿಂತಾರಂತೆ.
“ಗಬ್ಬ ಐತೇನ್ರಿ?”
“ಐತಿ. ಯಾಕ್ರಿ?”
“ಬ್ಯಾಡ್ರಿ! ಬಾಟ್ಲಿ ಕೆಳಗಿಡ್ರಿ!”
ಇಟ್ಟರು. ಕೀರ್ತನಾ ಮುಂದಿನ ನಂಬರು ಓದುತ್ತಿದ್ದಾಳೆ — ಕೊಟ್ಟೂರಿನದು. ರಿಂಗ್ ಆಗುತ್ತಿದೆ. ಎತ್ತಿದರು, ಉಳಿದದ್ದು ಆಮೇಲೆ.