ಹೆಸರು ಬರೆಯದ ಎರಡು ತೀರಗಳು

…ಚಪ್ಪಲಿಯಲ್ಲೇ ನಡೆದುಬಿಡಬಹುದು ಎಂದಿದ್ದಿರಿ. ಅಥವಾ ಚಪ್ಪಲಿಯೂ ಬೇಡ ಎಂದಿರೋ. ನೂರಾರು ಸಲ ಓದಿದ್ದರೂ ಆ ವಾಕ್ಯ ಮಾತ್ರ ಪ್ರತಿ ಸಲ ಬೇರೆ ರೀತಿ ನೆನಪಾಗುತ್ತದೆ. ನೋಡಿ ಖಚಿತಪಡಿಸಿಕೊಳ್ಳೋಣವೆಂದರೆ ನಿಮ್ಮ ಲೇಖನದ ಆ ಹಳದಿ ಹಾಳೆಯನ್ನು ನಿನ್ನೆ ಹೆಜ್ಜೆಸಭೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಒಯ್ದಿದ್ದಾರೆ.

ಇಂದು ದಂಡೆಬೀಗದ ತೊಂಬತ್ತೊಂದನೆಯ ವರ್ಷ, ಎರಡನೆಯ ಆಗಸ್ಟ್‌ನ ಆರನೆಯ ದಿನ. ನಮಗೆ ಆಗಸ್ಟ್ ಎರಡು. ಬಿಸಿಲು ಒಂದರಲ್ಲಿ ಮುಗಿಯದೆ ಹೋದದ್ದರಿಂದ ಸೆಪ್ಟೆಂಬರನ್ನು ಕೈಬಿಟ್ಟರು. ನಿಮ್ಮ ಲೆಕ್ಕದಲ್ಲಿ ಇದು ೨೧೪೧. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅದು ತಾಯಿಯ ಬಾಯಿಂದ ಮತ್ತು ನಿಮ್ಮ ಆ ಒಂದು ಪುಟದಿಂದ ಬಂದದ್ದು. ಬೇರೆ ಕನ್ನಡ ಈ ದ್ವೀಪದಲ್ಲಿ ಇಲ್ಲ.

ಕುಸುಮಾಕ್ಷಿಯವರೇ, ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಲೇಖನದ ಪಕ್ಕದ ಚಿತ್ರದಲ್ಲಿ ನಿಮಗೆ ನಲವತ್ತೂ ತುಂಬಿಲ್ಲ, ನನಗೆ ಐವತ್ತಮೂರು. ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ. ಮೆಡಿಟರೇನಿಯನ್‌ನ ಈ ದಂಡೆಯನ್ನು ನೀವು ರಜೆಯಲ್ಲಿ ಬಂದು ಒಂದು ಬೆಳಿಗ್ಗೆ ನಡೆದಿರಿ. ನಾನು ಇಲ್ಲೇ ಹುಟ್ಟಿದವನು. ನಿಮ್ಮ ಬಾಯಲ್ಲಿ ಈ ಎರಡು ತೀರಗಳ ಹೆಸರು ಕೇಳಿಕೇಳಿ ನನ್ನಜ್ಜಿ ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆಗೆ ಕೆಲಸಕ್ಕೆ ಬಂದು ನೆಲೆಸಿದಳು. ಮನೆಯಲ್ಲಿ ಹೇಳಿದ ಹೆಸರನ್ನು ಲೇಖನದಲ್ಲಿ ಯಾಕೆ ನುಂಗಿದಿರಿ ಎಂಬುದೇ ನನ್ನ ತಕರಾರು.

ನೀವು ನಡೆದ ದಾರಿ ಈಗಲೂ ಇದೆ. ಪೆದ್ರೂಜ ಎಂಬ ನಮ್ಮ ತೀರದಿಂದ ಲಿಮೋರಾ ಎಂಬ ಆಚೆಯ ತೀರಕ್ಕೆ ಮುಕ್ಕಾಲು ಗಂಟೆ. ನೀವು ಕಂಡ ಮರಳಿನಲ್ಲಿ ಮೂರರಲ್ಲೊಂದು ಪಾಲು ಉಳಿದಿದೆ, ಮಿಕ್ಕದ್ದು ನೀರಿನಡಿ. ಬಂಡೆಯ ಮೇಲಿನ ಕಾಲುದಾರಿ ಮಾತ್ರ ಅಲುಗಿಲ್ಲ. ಎಡಕ್ಕೆ ಕುರುಚಲು, ಬಲಕ್ಕೆ ಕಡಲು, ನಡುವೆ ಮುರಿದ ಕಾವಲು ಗೋಪುರ. ಹತ್ತು ಗಂಟೆಯೊಳಗೆ ನಡೆದುಬಿಡಬೇಕು. ಆಮೇಲೆ ಐದರವರೆಗೆ ನೆರಳುಪಾಳಿ, ಅಂದರೆ ಸೂರಿನಡಿ ಅಥವಾ ಮರದಡಿ ಬಿಟ್ಟು ಬೇರೆಲ್ಲೂ ಇರುವಂತಿಲ್ಲ. ಏಳು ತಿಂಗಳು ಕಡಲುರಜೆ. ಮೀನು ಬೆಳೆಯಲೆಂದು ದೋಣಿ ಇಳಿಸುವುದನ್ನು ನಿಲ್ಲಿಸುತ್ತಾರೆ. ಆಗ ಲಿಮೋರಾಕ್ಕೆ ಹೋಗಬೇಕೆಂದರೆ ಈ ದಾರಿ, ಇಲ್ಲವೇ ಬೆಟ್ಟ ಹತ್ತಿಳಿಯುವ ಎರಡು ದಿನದ ದಾರಿ.

ದಿನಾ ಅದರಲ್ಲಿ ನಡೆಯುವವಳು ನನ್ನ ಪಕ್ಕದ ಮನೆಯ ರೊಸಾಲಿಯಾ, ಎಪ್ಪತ್ತೆರಡು ವರ್ಷದವಳು. ಆಚೆ ಅವಳ ಅಕ್ಕ ನುನ್ಸಿಯಾ ಹಾಸಿಗೆ ಹಿಡಿದಿದ್ದಾಳೆ. ರೊಸಾಲಿಯಾ ಹೋಗಿ ಅವಳ ಮಗ್ಗುಲು ತಿರುಗಿಸಿ, ಒರೆಸಿ, ಉಣಿಸಿ, ಬೈದು, ನೆರಳುಪಾಳಿ ಅಲ್ಲೇ ಕಳೆದು ಸಂಜೆ ಮರಳುತ್ತಾಳೆ. ಬೈಯುವುದು ಯಾಕೆ ಎಂದರೆ, “ಬೈದ್ರೇನೇ ಅವಳು ಬಾಯಿ ತೆಗೆಯೋದು, ಆಗ ಚಮಚ ಹಾಕ್ತೀನಿ” ಎನ್ನುತ್ತಾಳೆ.

ಇನ್ನು ದಂಡೆಬೀಗ. ಕೆಡದೆ ಉಳಿದ ತೀರಗಳನ್ನು ಮನುಷ್ಯರಿಂದ ಕಾಯುವ ಕಾನೂನು ಅದು. ಬೀಗ ಹಾಕಿದ ವರ್ಷಕ್ಕೆ ಮುಂಚೆ ಜನ ನಡೆದದ್ದಕ್ಕೆ ಕಾಗದದ ಸಾಕ್ಷಿ ಇದ್ದರೆ ದಾರಿ ತೆರೆದಿರುತ್ತದೆ, ಇಲ್ಲದಿದ್ದರೆ ಬೇಲಿ. ನಿಮ್ಮ ಕಾಲದವರು ಯಂತ್ರಗಳಲ್ಲಿ ತುಂಬಿಟ್ಟದ್ದೆಲ್ಲ ಅಳಿಸಿಹೋಗಿದೆ, ಆದ್ದರಿಂದ ಕಾಗದವೇ ಆಗಬೇಕು. ಹೆಜ್ಜೆಸಭೆ ಎಂಬುದು ಈ ಸಾಕ್ಷಿ ಕೇಳುವ ಮಂಡಲಿ. ಒಂದೊಂದೇ ಕೊಲ್ಲಿ ಮುಗಿಸುತ್ತ ಈ ವರ್ಷ ನಮ್ಮಲ್ಲಿಗೆ ಬಂದಿದೆ. ಕೆಟ್ಟ ಜನರಲ್ಲ. ನಿಮ್ಮ ಆಸೆಯನ್ನೇ ಅವರು ನಡೆಸಿಕೊಡುತ್ತಿದ್ದಾರೆ ಎಂದರೆ ನಿಮಗೆ ಸಂತೋಷವಾದೀತು. ನನಗೆ ಆಗುವುದಿಲ್ಲ.

ಪೆದ್ರೂಜದಲ್ಲಿ ಹಳೆಯ ಕಾಗದ ಉಳಿದಿದ್ದು ನನ್ನ ತಾಯಿಯ ಸ್ಟೀಲ್ ಟ್ರಂಕಿನಲ್ಲಿ ಮಾತ್ರ. ಅದೇ ನಿಮ್ಮ ಲೇಖನ. ಮೇಲ್ತುದಿಯಲ್ಲಿ ಅಚ್ಚಾದ ತಾರೀಖು, ೨೦೨೩ರ ಅಕ್ಟೋಬರ್. ಅಷ್ಟೇ ಸಾಕೆಂದುಕೊಂಡು ಖುಷಿಯಿಂದ ರೊಸಾಲಿಯಾಳನ್ನು ಕರೆದು ಅವಳ ಭಾಷೆಗೆ ತಿರುಗಿಸುತ್ತ ಓದಿದೆ. ಗಂಡನ ಟೋಪಿ ಹಾರಿ ನೀರಿಗೆ ಬಿದ್ದದ್ದು ಬರೆದಿದ್ದೀರಿ. ಬೇಲಿಯಾಚೆಯ ಅಂಜೂರ ಕಿತ್ತು ಹನ್ನೊಂದು ತಿಂದದ್ದು, ನಿಂಬೆ ಶರಬತ್ತಿಗೆ ಉಪ್ಪು ಬೇಕೆಂದು ಕೈಸನ್ನೆಯಲ್ಲಿ ಕೇಳಿ ನಗೆಪಾಟಲಾದದ್ದು, ನೀರಿನ ಬಣ್ಣಕ್ಕೇ ಒಂದು ಇಡೀ ಪ್ಯಾರಾ. ಆಮೇಲೆ ಆ ಮಾತು: “ಈ ಎರಡು ತೀರಗಳ ಹೆಸರನ್ನು ಮಾತ್ರ ಹೇಳಲಾರೆ. ಹೇಳಿದರೆ ಮುಂದಿನ ವರ್ಷ ಅಲ್ಲಿ ಟೂರಿಸ್ಟ್ ಬಸ್ಸುಗಳು ನಿಂತಿರುತ್ತವೆ.”

 “ನಿಮ್ಮಜ್ಜಿ ಕದ್ದು ತಿಂದ ಅಂಜೂರ ಎಷ್ಟು ಅಂತ ಬರೆದಿದ್ದಾಳೆ, ಊರಿನ ಹೆಸರಿಗೆ ಬರೋ ಹೊತ್ತಿಗೆ ಶಾಯಿ ಮುಗೀತೇನಯ್ಯಾ?” ಎಂದಳು ರೊಸಾಲಿಯಾ. ಅವಳ ಭಾಷೆಯಲ್ಲಿ ಅದು ಇನ್ನೂ ಖಾರವಾಗಿತ್ತು.

ಗೋಪುರದ ವರ್ಣನೆ ಸಾಲದೇ ಎಂದು ಸಭೆಯ ಅಧ್ಯಕ್ಷ ತಾಂಕ್ರೆದಿಯನ್ನು ಕೇಳಿದೆ. ನಯವಾದ ಯುವಕ. ಅಂಥ ಮುರಿದ ಗೋಪುರ ಈ ದಂಡೆಯುದ್ದಕ್ಕೂ ನಲವತ್ತಿವೆ ಸರ್, ಹೆಸರು ಬೇಕು ಎಂದ. ಮನೆಮಂದಿ ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ. ಕನ್ನಡ ತಮಗೆ ಯಾರಿಗೂ ಬಾರದು, ಪ್ರಮಾಣ ಮಾಡಿ ನೀವೇ ಓದಿ ಹೇಳಿದರೆ ನಿಯಮದ ಪ್ರಕಾರ ಸಾಕು ಎಂದೂ ಸೇರಿಸಿದ. ವಿಚಾರಣೆ ನಾಡಿದ್ದು ಬೆಳಿಗ್ಗೆ ಎಂಟಕ್ಕೆ.

ಈ ಮಾತನ್ನು ರೊಸಾಲಿಯಾಗೆ ಹೇಳಬಾರದಿತ್ತು. ಹೇಳಿದೆ. “ಹಾಗಾದ್ರೆ ಅದರಲ್ಲಿ ಏನಿದೆ ಅಂತ ಗೊತ್ತಿರೋದು ನಿನಗೊಬ್ಬನಿಗೆ” ಎಂದಳು. ನಿನಗೂ ಗೊತ್ತಲ್ಲ ಎಂದೆ. “ನನಗಾ? ಮುದುಕಿ, ಕೇಳಿದ್ದೆಲ್ಲ ಮರೆತುಹೋಗತ್ತೆ” ಎಂದು, ಅಕ್ಕನಿಗೆ ರೊಟ್ಟಿ ಕಟ್ಟಿಕೊಂಡು ಹೊರಟಳು. ಕಿಟಕಿಯಿಂದ ನೋಡಿದೆ. ಗೋಪುರದ ತಿರುವಿನವರೆಗೆ ಕೋಲು ಊರದೆ ನಡೆದಳು. ಅಷ್ಟು ಸುಲಭದ ದಾರಿ ಅದು. ಅಷ್ಟನ್ನು ನೀವು ಸರಿಯಾಗಿಯೇ ಬರೆದಿದ್ದೀರಿ.

ನನಗೆ ನಿಮ್ಮ ಮೇಲಿರುವುದು ಕೋಪವೂ ಅಲ್ಲ. ಚೆಂದದ್ದನ್ನು ಕಂಡವರು ಬಚ್ಚಿಡುತ್ತಾರೆ, ಸಹಜ. ಆದರೆ ಯಾರಿಂದ ಬಚ್ಚಿಡುತ್ತಿದ್ದೇನೆ ಎಂದು ಯೋಚಿಸುವಾಗ ನಿಮ್ಮ ಕಣ್ಣಿಗೆ ಬಸ್ಸಿನಲ್ಲಿ ಬರುವವರು ಮಾತ್ರ ಬಿದ್ದರು, ಅಲ್ಲೇ ಬಾಳುವವರು ಬೀಳಲಿಲ್ಲ. ನಿಮಗೆ ಶರಬತ್ತು ಕೊಟ್ಟು ನಕ್ಕವರು ಯಾರೆಂದುಕೊಂಡಿರಿ?

ಏಳು ವರ್ಷದವನಿದ್ದಾಗ ತಾಯಿ ಆ ಹಾಳೆಯ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿಸುತ್ತಿದ್ದಳು. ಮುಂದಿನ ಪದವನ್ನು ನಾನು ಊಹಿಸಿ ಹೇಳಿದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು, ಊಹೆ ಸರಿಯಿದ್ದರೂ. ಇಂದು ಮಧ್ಯಾಹ್ನವೆಲ್ಲ ಸೂರಿನಡಿ ಕೂತು ಎರಡು ಹೆಸರುಗಳನ್ನು ನಿಮ್ಮ ವಾಕ್ಯದೊಳಗೆ ಕೂರಿಸಿ ಮೆಲ್ಲಗೆ ಓದಿ ನೋಡಿದೆ. ತೊಡರಿಲ್ಲದೆ ಕೂರುತ್ತವೆ. ನೀವು ನಡೆದದ್ದು ಪೆದ್ರೂಜದಿಂದ ಲಿಮೋರಾಕ್ಕೆ, ಅದು ನಿಜ. ಬರೆಯಲಿಲ್ಲ, ಅದೂ ನಿಜ. ನಾಡಿದ್ದು ಅವರು ಗಾಜು ತೆಗೆದು ಹಾಳೆಯನ್ನು ನನ್ನ ಕೈಗಿಟ್ಟಾಗ, ನೀವು ಹೇಳಲಾರೆ ಎಂದ ಕಡೆ ನಾನು ಆ ಹೆಸರುಗಳನ್ನು ಹೇಳಿಬಿಟ್ಟರೆ, ಕುಸುಮಾಕ್ಷಿಯವರೇ, ನೀವಾದರೂ ಅದನ್ನು ಸುಳ್ಳು ಎನ್ನುತ್ತೀರಾ?