ಆ ನಾಲ್ಕು ವೋಟು ಯಾರದು?

ಕ್ವೇಕರ್ಸ್ ಹಿಲ್, ಸಿಡ್ನಿ
೧೬ ಜೂನ್ ೧೯೯೧

ಡಾಕ್ಟರ್ ತ್ರಿವಿಕ್ರಮ ಅವರಿಗೆ,

ಗಂಡನ ಹೆಸರು ಬರೆಯಬಾರದೆಂದು ನಿಮ್ಮ ಅಮ್ಮ ಹೇಳಿಕೊಟ್ಟಿದ್ದರು. ಸಿಟ್ಟು ಬಂದಿದೆ, ಬರೆದಿದ್ದೇನೆ. ಕ್ಷೇಮ ಸಮಾಚಾರವೆಲ್ಲ ಆಮೇಲೆ.

ಮೆಲ್ಬರ್ನಿನಿಂದ ನೀವು ಬರೆದ ಕಾಗದ ಮಂಗಳವಾರ ಬಂತು. ಎರಡು ವರ್ಷ ಬೇರೆ ಇದ್ದದ್ದು ಸಾಕು, ಮನೆ ಹಿಡಿದಿದ್ದೇನೆ, ಮಗಳನ್ನು ಕರೆದುಕೊಂಡು ಬಾ ಎಂದಿದ್ದೀರಿ. ಓದುತ್ತ ಮನಸ್ಸು ಕರಗಿದ್ದು ನಿಜ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಮೂರನೆಯ ಪುಟದ ಆ ಮಾತು ಬಂತು. ನೀವು ಚುನಾವಣೆಗೆ ನಿಂತಾಗ, ನಾವಿದ್ದ ಆ ಇಡೀ ದ್ವೀಪದಲ್ಲಿ ನಿಮ್ಮನ್ನು ನಂಬಿದವಳು ನಾನೊಬ್ಬಳೇ ಅಂತೆ. ತನಗೆ ತಾನೇ ವೋಟು ಹಾಕಿಕೊಳ್ಳುವುದು ಮರ್ಯಾದೆಯಲ್ಲ ಎಂದು ನಿಮ್ಮ ಒಂಬತ್ತನ್ನೂ ಬೇರೆಯವರಿಗೆ ಹಂಚಿಬಿಟ್ಟಿರಂತೆ.

ಹಂಚಿಬಿಟ್ಟಿರಾ? ಆ ದ್ವೀಪದ ಶಾಸನಸಭೆಗೆ ಒಂಬತ್ತು ಸೀಟು, ಒಬ್ಬೊಬ್ಬರಿಗೂ ಒಂಬತ್ತು ವೋಟು, ಒಬ್ಬರಿಗೇ ನಾಲ್ಕರವರೆಗೆ ಹಾಕಬಹುದು. ಊಟದ ಮೇಜಿನ ಮೇಲೆ ಕಡಲೆಕಾಳು ಜೋಡಿಸಿ ಇದನ್ನು ನಮಗೆ ಕಲಿಸಿದವರೇ ನೀವು. ಎಣಿಕೆಯ ದಿನ ಬೋರ್ಡಿನಲ್ಲಿ ನಿಮ್ಮ ಹೆಸರಿನ ಮುಂದೆ ನಾಲ್ಕು. ಆರು ವರ್ಷ ಊರಿಗೆಲ್ಲ ಹೆರಿಗೆ ಮಾಡಿಸಿದ ಡಾಕ್ಟರಿಗೆ ನಾಲ್ಕೇ ನಾಲ್ಕು. ಅವು ನಿಮ್ಮವೇ ಎಂದುಕೊಂಡು ನಾನು ಸುಮ್ಮನಿದ್ದೆ. ನಿಮ್ಮವಲ್ಲ ಅಂದರೆ ಹಾಕಿದವಳು ಯಾರು?

ಹಾಕಿದವಳು ಎಂದೇ ಬರೆಯುತ್ತೇನೆ. ನಾಲ್ಕು ಜನ ಒಂದೊಂದು ಹಾಕಿರಬಹುದು ಎನ್ನಬೇಡಿ, ಅದನ್ನು ನನ್ನ ಹೊಟ್ಟೆಯುರಿ ಒಪ್ಪುವುದಿಲ್ಲ. ಆಸ್ಪತ್ರೆಯ ಮೇಟ್ರನ್ ಪ್ರತಿ ಭಾನುವಾರ ಸೀಬೆಹಣ್ಣಿನ ಜಾಮ್ ತರುತ್ತಿದ್ದಳು. ಖಾಲಿ ಬಾಟಲಿಯನ್ನು ತೊಳೆದು, ಒರೆಸಿ, ಹಿಂದಿರುಗಿಸಲು ನೀವೇ ಹೋಗುತ್ತಿದ್ದಿರಿ. ಮನೆಯಲ್ಲಿ ಒಂದು ಲೋಟ ತೊಳೆದವರಲ್ಲ ನೀವು! ಸೋತ ಸಂಜೆ ಅವಳು ನಿಮ್ಮ ಕೈ ಹಿಡಿದುಕೊಂಡು ಅತ್ತಳು. ಆಗ ನನಗೆ ಅಳು ಬರಲಿಲ್ಲ.

ಆ ನಾಲ್ಕು ನಿನ್ನವೇ ಅಲ್ಲವೇ, ನೀನೇ ಹೇಳಿದ್ದೆಯಲ್ಲ ಎಂದು ನೀವೀಗ ಕೇಳುತ್ತೀರಿ. ಹೇಳಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನೀವು ಕೇಳುವ ಮೊದಲೇ ಹೇಳಿದ್ದೆ. ಆದರೆ ಹಾಕಿರಲಿಲ್ಲ. ಒಂದೂ ಹಾಕಿರಲಿಲ್ಲ.

ನೀವು ಗೆದ್ದಿದ್ದರೆ ಅಲ್ಲಿ ಇನ್ನೂ ಮೂರು ವರ್ಷ. ಹಗಲೆಲ್ಲ ನಾನು ಹಿತ್ತಲಿನ ಕೋಳಿಗಳ ಜೊತೆ ಕನ್ನಡ ಮಾತಾಡುತ್ತಿದ್ದೆ, ಅದು ನಿಮಗೆ ತಮಾಷೆಯಾಗಿತ್ತು. ಇಲ್ಲಿಂದ ಹೋಗೋಣ ಎಂದು ಎಷ್ಟು ಸಲ ಹೇಳಿದೆ? ಪೆನ್ಸಿಲ್ ಕೈಗೆ ಬಂದಾಗ ನಿಮ್ಮ ಹೆಸರು ಕಂಡಿತು, ಕೈ ಅದನ್ನು ದಾಟಿ ಮುಂದೆ ಹೋಯಿತು. ಹೊರಗೆ ಬಂದು ಪೈನ್ ಮರದ ಕೆಳಗೆ ನಿಂತು, ನಾಲ್ಕೂ ನಿಮಗೇ ಹಾಕಿದೆ ಎಂದೆ.

ಇನ್ನು ಮಹತಿ. ಹದಿನೆಂಟು ತುಂಬಿ ಅವಳದು ಮೊದಲ ವೋಟು. ಈ ವರ್ಷ ಯೂನಿವರ್ಸಿಟಿ ಬೇಡ ಎಂದಿರಿ ಎಂಬ ಸಿಟ್ಟಿಗೆ ಅವಳು ನಿಮ್ಮೊಡನೆ ಮಾತು ಬಿಟ್ಟಿದ್ದಳು. ಅಪ್ಪನಿಗೆ ಒಂದೂ ಇಲ್ಲ ಎಂದು ಮತಗಟ್ಟೆಯ ಬಾಗಿಲಲ್ಲೇ ಕೂಗಿದಳು. ನಾನೂ ಕೇಳಿದೆ, ನೀವೂ ಕೇಳಿದಿರಿ. ಮನೆಯ ಲೆಕ್ಕ ಅಲ್ಲಿಗೆ ಮುಗಿಯಿತಲ್ಲ?

ನಾನು ಮಾಡಿದ್ದು ತಪ್ಪು, ಒಪ್ಪಿಕೊಂಡೆ. ಆದರೂ ಕೇಳುತ್ತೇನೆ. ಹೆಂಡತಿಯೇ ಕೊಡದ್ದನ್ನು ಎತ್ತಿಕೊಟ್ಟವಳು ಯಾರೆಂದು ನನಗೆ ಗೊತ್ತಾಗಬೇಕು. ಅವಳ ಹೆಸರು ಬರೆಯಿರಿ. ಮೆಲ್ಬರ್ನಿಗೆ ಬರುವುದೋ ಬಿಡುವುದೋ ಆಮೇಲೆ ತೀರ್ಮಾನಿಸುತ್ತೇನೆ.

ಸದ್ಯಕ್ಕೆ ನಿಮ್ಮವಳು,
ಹಂಸಾ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಮೇಟ್ರನ್ ಅಪ್ಪನಿಗೆ ವೋಟು ಹಾಕಿದ್ದಳೇನೇ ಎಂದು ಮಹತಿಯನ್ನು ಕೇಳಿದೆ. ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದವಳು ತಲೆ ಎತ್ತದೆ, "ದಟ್ ವಾಸ್ ಮಿ, ಅಮ್ಮ. ಆಲ್ ಫೋರ್," ಎಂದಳು. ಅಪ್ಪನ ಹೆಸರಿನ ಮುಂದೆ ಸೊನ್ನೆ ನೋಡಲು ಅವಳಿಂದ ಆಗುತ್ತಿರಲಿಲ್ಲವಂತೆ. ನಾನು ಹಾಕುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಈ ಕಾಗದ ಹರಿದು ಬೇರೆ ಬರೆಯಬಹುದಿತ್ತು, ಹಾಗೇ ಕಳಿಸುತ್ತಿದ್ದೇನೆ. ಇಷ್ಟು ಓದಿದ ಮೇಲೂ ನನ್ನನ್ನು ಬಾ ಎನ್ನುವುದಾದರೆ ಫೋನ್ ಮಾಡಿ. ಮಗಳು ಹೇಗೂ ಬರುತ್ತಾಳೆ.